ಕೆಂಪು ಕ್ಲಿಪ್ಪಿನ ಸರದಿ

ಬಟ್ಟೆ ಒಣಹಾಕುವುದು ನನಗೆ ಇಷ್ಟದ ಕೆಲಸ ಎಂದರೆ ನೀವು ನಗಬಹುದು. ಆರ್.ಟಿ. ನಗರದ ನಮ್ಮ ಮನೆಯ ಮಹಡಿಯಲ್ಲಿ ಬೆಳಗಿನ ಬಿಸಿಲು ನೀರಿನ ಟ್ಯಾಂಕಿನ ಪಕ್ಕದಿಂದ ಓರೆಯಾಗಿ ಬೀಳುತ್ತದೆ. ಪಕ್ಕದ ಮನೆಯ ಒಗ್ಗರಣೆಯ ವಾಸನೆ ತೇಲಿ ಬರುತ್ತದೆ. ಒದ್ದೆ ಬಟ್ಟೆಯನ್ನು ಝಾಡಿಸಿದಾಗ ಮುಖಕ್ಕೆ ತಣ್ಣನೆ ಹನಿ ಸಿಡಿಯುತ್ತದೆ. ಅಷ್ಟು ಹೊತ್ತು ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಜೀವನವಿಡೀ ಪಿಯು ಮಕ್ಕಳಿಗೆ ಇತಿಹಾಸ ಪಾಠ ಮಾಡಿ, ಅವರು ಕೇಳದ ಪ್ರಶ್ನೆಗಳಿಗೂ ಉತ್ತರ ಹೇಳಿ ದಣಿದವಳಿಗೆ ಇದಕ್ಕಿಂತ ಹೆಚ್ಚಿನ ವಿರಾಮ ಬೇಕಿಲ್ಲ.

ಇವತ್ತು ನಮ್ಮ ಯಜಮಾನರ ಅಂಗಿಗೆ ಸಿಕ್ಕಿಸಲೆಂದು ಬುಟ್ಟಿಗೆ ಕೈ ಹಾಕಿದರೆ ಬೆರಳಿಗೆ ಸಿಕ್ಕಿದ್ದು ಮರದ ಹಳೆಯ ಕ್ಲಿಪ್ಪು. ಈಗ ನಮ್ಮಲ್ಲಿರುವುದೆಲ್ಲ ಪ್ಲಾಸ್ಟಿಕ್ಕಿನವು, ಬಿಸಿಲಿಗೆ ಪುಡಿಯಾಗುವಂಥವು. ಇದು ಮರದ್ದು, ಒಂದು ಬದಿಗೆ ಕೆಂಪು ನೈಲ್ ಪಾಲಿಶ್ ಬಳಿದಿದ್ದು, ಆ ಬಣ್ಣ ಅರ್ಧ ಎದ್ದುಹೋಗಿದ್ದು. ಕೆಲಸದ ಹುಡುಗಿ ಹಳೆಯ ಟಿಫಿನ್ ಚೀಲವನ್ನು ಕೊಡವಿದಾಗ ಬಿದ್ದಿರಬೇಕು. ಉಪಯೋಗಕ್ಕೆ ಬರುತ್ತದೆಂದು ಬುಟ್ಟಿಗೆ ಹಾಕಿದ್ದಾಳೆ, ಪಾಪ. ಅದನ್ನು ಹಿಡಿದುಕೊಂಡೇ ನಾನು ತಲೆ ಎತ್ತಿ ಆಕಾಶ ನೋಡಿದೆ. ಆಕಾಶದಲ್ಲಿ ಏನೂ ಇರಲಿಲ್ಲ. ಆದರೂ ಟ್ಯಾಂಕಿನ ಮರೆಗೆ ಒಂದು ಹೆಜ್ಜೆ ಸರಿದೆ. ಇಷ್ಟು ವರ್ಷಗಳಾದ ಮೇಲೂ ನನ್ನ ಮೈಗೆ ಬುದ್ಧಿ ಬಂದಿಲ್ಲ. ಮಿಕ್ಸಿ ತಿರುಗುತ್ತಾ ತಿರುಗುತ್ತಾ ಸದ್ದು ಬದಲಾದರೆ ಸಾಕು, ಅಡುಗೆಮನೆಯಲ್ಲಿ ನಿಂತಲ್ಲೇ ತಲೆ ತಗ್ಗಿಸುತ್ತೇನೆ.

ಈ ಕ್ಲಿಪ್ಪಿನ ಕಥೆ ಹೇಳಬೇಕಾದರೆ ನಮ್ಮ ಯಜಮಾನರ ಯುದ್ಧ ವಿಮಾನದಿಂದ ಶುರು ಮಾಡಬೇಕು.

ಇವರು ಬ್ಯಾಂಕಿನಲ್ಲಿ ಆಫೀಸರ್ ಆಗಿದ್ದವರು. ಚೆಕ್ಕಿನಲ್ಲಿ ಸಹಿ ಕೂದಲೆಳೆಯಷ್ಟು ಓರೆಯಾದರೂ ವಾಪಸ್ ಕಳಿಸುವ ಜಾತಿ. ಅಂಥವರು ಒಂದು ಸಂಜೆ ಮಗುವಿನ ತೊಟ್ಟಿಲಿನಷ್ಟು ಉದ್ದದ ಪೆಟ್ಟಿಗೆ ಹೊತ್ತುಕೊಂಡು ಬಂದರು. ಒಳಗೆ ಥರ್ಮಾಕೋಲಿನಂಥ ಹಗುರ ಫೋಮಿನಲ್ಲಿ ಮಾಡಿದ ಬೂದು ಬಣ್ಣದ ವಿಮಾನ. ರೆಕ್ಕೆಯ ಮೇಲೆ ವೃತ್ತಗಳು, ಮೂತಿಗೆ ಫ್ಯಾನು. ಜೊತೆಗೆ ಉದ್ದನೆಯ ಏರಿಯಲ್ ಇರುವ ರಿಮೋಟು, ಬ್ಯಾಟರಿ, ಚಾರ್ಜರು. ಜೋಡಿಸುವ ಗೋಜಿಲ್ಲ, ರೆಕ್ಕೆ ಸಿಕ್ಕಿಸಿ ಹಾರಿಸುವುದಷ್ಟೇ.

"ಇದು ಸ್ಪಿಟ್‌ಫೈರು ಕಣೇ. ಸೆಕೆಂಡ್ ವರ್ಲ್ಡ್ ವಾರ್‌ದು. ನೀನು ಪಾಠ ಮಾಡ್ತೀಯಲ್ಲ, ಗೊತ್ತಾಗ್ಲಿಲ್ವಾ?" ಎಂದರು.

ಗೊತ್ತಾಗಿರಲಿಲ್ಲ. ಅಷ್ಟು ವರ್ಷ ಆ ಯುದ್ಧದ ಕಾರಣಗಳು, ಪರಿಣಾಮಗಳು, ಒಪ್ಪಂದಗಳು ಎಲ್ಲ ಬಾಯಿಪಾಠ ಹೇಳಿದ ನಾನು ಅದರ ಒಂದು ವಿಮಾನವನ್ನು ಮುಖ ನೋಡಿ ಗುರುತಿಸಲಾರದೆ ಹೋದೆ. "ಗೊಂಬೆ ಚೆನ್ನಾಗಿದೆ" ಎಂದೆ. ಇವರು ಪೆಟ್ಟಿಗೆಯ ಮುಚ್ಚಳ ಹಾಕಿಬಿಟ್ಟರು.

ಹಾರಿಸುವ ಜಾಗ ತಣಿಸಂದ್ರದ ಆಚೆ. ಆಗಿನ್ನೂ ಅಲ್ಲಿ ಬಯಲಿತ್ತು. ರಾಗಿ ಬೆಳೆಯುವುದು ನಿಂತು, ಮನೆ ಏಳುವುದು ಶುರುವಾಗದೆ, ಸೈಟಿನ ಕಲ್ಲುಗಳು ಮಾತ್ರ ಹುಲ್ಲಿನ ನಡುವೆ ಸಾಲಾಗಿ ನಿಂತಿದ್ದ ಜಾಗ. ಲೇಔಟಿನ ಮಣ್ಣು ರಸ್ತೆಯೇ ಇವರ ರನ್‌ವೇ. ಭಾನುವಾರ ಬೆಳಿಗ್ಗೆ ಗಾಳಿ ಏಳುವ ಮೊದಲು ನಾಲ್ಕಾರು ಜನ ಸೇರುತ್ತಿದ್ದರು. ಯಲಹಂಕದಲ್ಲಿ ನಿಜವಾದ ವಿಮಾನಗಳ ಪ್ರದರ್ಶನವಿರುವ ದಿನಗಳಲ್ಲಿ ಮಾತ್ರ ಯಾರೂ ಪೆಟ್ಟಿಗೆ ಮುಟ್ಟುತ್ತಿರಲಿಲ್ಲ. ನಾನು ಚಿತ್ರಾನ್ನದ ಡಬ್ಬಿ, ಕಾಫಿಯ ಫ್ಲಾಸ್ಕು ಹಿಡಿದು ಹೊಂಗೆ ಮರದ ಕೆಳಗೆ ಕೂರುತ್ತಿದ್ದೆ. ಉತ್ತರ ಪತ್ರಿಕೆಗಳನ್ನೂ ತರುತ್ತಿದ್ದೆ. ಅಲ್ಲಿ ತಿದ್ದಿದ ಪತ್ರಿಕೆಗಳಿಗೆ ನಾನು ಕೈಬಿಚ್ಚಿ ಅಂಕ ಕೊಟ್ಟಿದ್ದೇನೆಂದು ಅನುಮಾನವಿದೆ. ನೀಲಿ ಆಕಾಶದಲ್ಲಿ ಬೂದು ವಿಮಾನ ಹೊಟ್ಟೆ ತೋರಿಸಿ ಮಗುಚಿಕೊಳ್ಳುವುದನ್ನು ನೋಡಿದ ಮೇಲೆ ಯಾರಿಗೆ ತಾನೇ ಅರ್ಧ ಅಂಕ ಕತ್ತರಿಸುವ ಮನಸ್ಸಾಗುತ್ತದೆ!

ಮುನಿರಾಜು ಪರಿಚಯವಾದದ್ದು ಅಲ್ಲೇ. ಅವರ ಮನೆತನ ತಣಿಸಂದ್ರದಲ್ಲಿ ತಲೆಮಾರುಗಳಿಂದ ಇರುವಂಥದ್ದು. ಊರೊಳಗೆ ಪೇಂಟ್ ಅಂಗಡಿ ಇಟ್ಟುಕೊಂಡಿದ್ದರು. ದೊಡ್ಡ ಆಳು, ದೊಡ್ಡ ನಗು, ಅಂಗಿಯ ಮೇಲೆ ಯಾವಾಗಲೂ ಒಂದೆರಡು ಬಣ್ಣದ ಚುಕ್ಕೆ. ಅವರದು ಅದೇ ಯುದ್ಧದ ಅಮೆರಿಕದ ವಿಮಾನ, ಹಸಿರು ಮಸ್ಟ್ಯಾಂಗು. ಮೊದಲ ದಿನವೇ ಇಬ್ಬರೂ ರಿಮೋಟು ತಿರುಗಿಸಿ ನೋಡಿಕೊಂಡು ಮುಖ ಸಪ್ಪಗೆ ಮಾಡಿದರು. ಒಂದೇ ಅಂಗಡಿಯಲ್ಲಿ ಕೊಂಡದ್ದರಿಂದ ಎರಡೂ ಒಂದೇ ಚಾನೆಲ್ಲಿನವು. ಆಗಿನ ರಿಮೋಟುಗಳೇ ಹಾಗೆ. ಒಂದೇ ಚಾನೆಲ್ಲಿನ ಎರಡು ರಿಮೋಟು ಒಟ್ಟಿಗೆ ಆನ್ ಆದರೆ ಹಾರುತ್ತಿರುವ ವಿಮಾನಕ್ಕೆ ಇಬ್ಬರ ಮಾತೂ ಒಟ್ಟಿಗೆ ಕೇಳಿಸಿ ಅದು ಯಾರ ಮಾತನ್ನೂ ಕೇಳದಂತಾಗುತ್ತದೆ.

ಅದಕ್ಕೇ ಈ ಕ್ಲಿಪ್ಪು. ಹೊಂಗೆ ಮರದಿಂದ ನಮ್ಮ ಕಾರಿನ ಕನ್ನಡಿಗೆ ಒಂದು ಹಗ್ಗ. ಅದರ ಮೇಲೆ ಚಾನೆಲ್ಲಿಗೊಂದು ಬಟ್ಟೆ ಕ್ಲಿಪ್ಪು, ಒಂದೊಂದಕ್ಕೂ ಒಂದೊಂದು ಬಣ್ಣ. ಹಾರಿಸುವವನು ತನ್ನ ಬಣ್ಣದ ಕ್ಲಿಪ್ಪನ್ನು ತೆಗೆದು ಕಾಲರಿಗೆ ಸಿಕ್ಕಿಸಿಕೊಂಡ ಮೇಲೆಯೇ ರಿಮೋಟು ಆನ್ ಮಾಡಬೇಕು. ಹಗ್ಗದ ಮೇಲೆ ಕ್ಲಿಪ್ಪಿಲ್ಲವೆಂದರೆ ಬೇರೆ ಯಾರೋ ಹಾರಿಸುತ್ತಿದ್ದಾರೆ, ಕಾಯಬೇಕು. ಇವರಿಬ್ಬರದು ಕೆಂಪು. ಬಣ್ಣ ನನ್ನದು. ಸೋದರ ಸೊಸೆಯ ಮದುವೆಗೆಂದು ಕೊಂಡು, ಹಚ್ಚಿಕೊಂಡ ಮೇಲೆ ನನಗೇ ಭಯವಾಗಿ ಬಿಟ್ಟಿದ್ದ ನೈಲ್ ಪಾಲಿಶ್. ಆ ಶೀಶೆ ಕೊನೆಯವರೆಗೂ ಇವರ ಪೆಟ್ಟಿಗೆಯಲ್ಲೇ ಇತ್ತು.

ಇಬ್ಬರಿಗೆ ಒಂದೇ ಕ್ಲಿಪ್ಪು ಎಂದರೆ ಜಗಳವಾಗಬೇಕು ತಾನೇ? ಆಗುತ್ತಿದ್ದದ್ದು ಉಲ್ಟಾ.

"ನೀವ್ ಮೊದ್ಲು ಆರ್ಸಿ ಸಾರ್."

"ಛೆ ಛೆ, ನೀವೇ ಮೊದ್ಲು. ನಿಮ್ಮೂರು."

"ಊರ್ ನಮ್ದಾದ್ರೆ ಆಕಾಸ ನಮ್ದಾ ಸಾರ್? ತಗಳಿ, ಇಡೀರಿ."

ಹೀಗೆ ಉಪಚಾರ ನಡೆಯುವಷ್ಟರಲ್ಲಿ ಗಾಳಿ ಎದ್ದುಬಿಡುತ್ತಿತ್ತು. ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡಿದ್ದ ಕಾಲೇಜು ಹುಡುಗನೊಬ್ಬ, ನೀಲಿ ಕ್ಲಿಪ್ಪಿನವನು, "ಅಂಕಲ್, ನಿಮ್ಮಿಬ್ರುದು ಮುಗಿಯೋಷ್ಟ್ರಲ್ಲಿ ನಂದು ಡಿಗ್ರಿ ಮುಗಿಯತ್ತೆ" ಎಂದು ಕಿಚಾಯಿಸುತ್ತಿದ್ದ. ಬೇರೆ ಚಾನೆಲ್ಲಿನ ಕ್ರಿಸ್ಟಲ್ ತರಿಸಿಕೊಡುತ್ತೇನೆಂದು ಅಂಗಡಿಯವನು ಹೇಳಿದ್ದ. ರಿಮೋಟಿನೊಳಗೆ ಹಾಕುವ ಚಿಕ್ಕ ತುಂಡು, ಬದಲಾಯಿಸಿದರೆ ಮುಗಿಯಿತು, ಇಬ್ಬರೂ ಒಟ್ಟಿಗೆ ಹಾರಿಸಬಹುದು. ಮೊದಮೊದಲು ಫೋನ್ ಮಾಡಿ ಕೇಳುತ್ತಿದ್ದರು. ಆಮೇಲೆ ಕೇಳುವುದನ್ನೇ ಬಿಟ್ಟರು. ಒಬ್ಬರು ಹಾರಿಸುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು "ಎಳೀರಿ, ಎಳೀರಿ, ಮೂತಿ ಎತ್ತಿ" ಎಂದು ಕೂಗುವುದರಲ್ಲಿ ಹಾರಿಸುವುದಕ್ಕಿಂತ ಹೆಚ್ಚು ಖುಷಿ ಇತ್ತೆಂದು ಕಾಣುತ್ತದೆ. ಆ ಚಿಕ್ಕ ತುಂಡನ್ನು ತರಿಸಿಕೊಂಡಿದ್ದರೆ ಎಂದು ಈಗ ಅನ್ನಿಸುತ್ತದೆ. ತರಿಸಿಕೊಂಡಿದ್ದರೆ ಆ ಸ್ನೇಹವೇ ಇರುತ್ತಿರಲಿಲ್ಲವೇನೋ ಎಂದೂ ಅನ್ನಿಸುತ್ತದೆ.

ಇನ್ನು ಅವ್ವ. ಮುನಿರಾಜು ಅವರ ತಾಯಿ. ಬಯಲಿನ ಅಂಚಿನ ಬದುವಿನಲ್ಲಿ ಹಸುವಿಗೆ ಹುಲ್ಲು ಕೊಯ್ಯಲು ಬರುತ್ತಿದ್ದರು. ಕೊಯ್ದಷ್ಟೇ ಹೊತ್ತು ನನ್ನ ಪಕ್ಕ ಕೂತು ಎಲೆಅಡಿಕೆ ಹಾಕುತ್ತಿದ್ದರು.

"ನಿಮ್ ಯಜಮಾನ್ರುಗೆ ಮನೇಲಿ ಏನೂ ಕೆಲ್ಸ ಏಳಾಕಿಲ್ವೇನವ್ವ?"

"ಹೇಳ್ತೀನಿ ಅವ್ವ. ಕೇಳಲ್ಲ."

"ನನ್ ಮಗ್ನೂ ಅಂಗೇ. ಅದ್ದು ಬಂದ್ರೆ ಕೋಳಿ ಮರೀನಾದ್ರೂ ಒತ್ಕೊಂಡೋಯ್ತದೆ. ಇವು ಬರಿ ಸುತ್ತಾಕ್ತವೆ. ಏನುಪ್ಯೋಗ?" ಎಂದು ಹೇಳಿ, ವಿಮಾನ ಮಗುಚಿಕೊಂಡಾಗ ಮಾತ್ರ "ಅಗಾ ಅಗಾ ಅಗಾ" ಎಂದು ಎಲೆಅಡಿಕೆ ಮರೆತು ಬಾಯಿ ತೆರೆಯುತ್ತಿದ್ದರು.

ಒಂದು ಭಾನುವಾರ ಮುನಿರಾಜು ಹಾರಿಸಿ ಮುಗಿಸಿದವರು ಕ್ಲಿಪ್ಪನ್ನು ಹಗ್ಗಕ್ಕೆ ಹಾಕದೆ, ಗಿರಾಕಿಯ ಫೋನ್ ಬಂತೆಂದು ಜೇಬಿಗೆ ಹಾಕಿಕೊಂಡು ಹೊರಟುಹೋದರು. ಇದನ್ನು ಯಾರೂ ಗಮನಿಸಲಿಲ್ಲ. ಎಲ್ಲ ಸೇರಿಸಿಕೊಂಡು ನೋಡಿದಾಗ ಆಮೇಲೆ ಗೊತ್ತಾದದ್ದು. ಮುಂದಿನ ವಾರ ಅವರು ಬರಲಿಲ್ಲ. ಬಾಗಲಗುಂಟೆಯಲ್ಲಿ ನೆಂಟರ ಮನೆಯ ಗೃಹಪ್ರವೇಶ. ಹಗ್ಗದಲ್ಲಿ ಕೆಂಪು ಕ್ಲಿಪ್ಪಿಲ್ಲ. ಬೇರೆ ಯಾರಾದರೂ ಆಗಿದ್ದರೆ, ಮುನಿರಾಜು ಅವರೇ ಬಂದಿಲ್ಲವಲ್ಲ ಎಂದು ಹಾಗೇ ಹಾರಿಸುತ್ತಿದ್ದರು. ನಮ್ಮವರು ಓರೆ ಸಹಿಯ ಚೆಕ್ಕು ವಾಪಸ್ ಕಳಿಸುವವರು. ಫೋನ್ ಮಾಡಿ ಕೇಳಿದರು.

"ಮುನಿರಾಜು ಅವ್ರೇ, ಕ್ಲಿಪ್ಪೇನಾದ್ರೂ ನಿಮ್ಮತ್ರ ಇದ್ಯಾ?"

ವಾಲಗದ ಸದ್ದಿನ ನಡುವೆ ಅವರು ಕೂಗಿ ಹೇಳಿದ್ದು ನನಗೂ ಕೇಳಿಸಿತು. "ಇಲ್ಲ ಸಾರ್! ಅಲ್ಲೇ ಉಲ್ಲಲ್ಲಿ ಬಿದ್ದಿರ್ಬೇಕು, ನೋಡಿ!"

ಹುಲ್ಲಿನಲ್ಲಿ ಎಲ್ಲರೂ ಹುಡುಕಿದೆವು. ಸಿಗಲಿಲ್ಲ. ಆಗ ಇವರು ಕಾರಿನಲ್ಲಿ ಸೀಟಿಗೆ ಹೊದಿಸುವ ಟವೆಲ್ಲಿಗೆಂದು ಇಟ್ಟಿದ್ದ ಇನ್ನೊಂದು ಮರದ ಕ್ಲಿಪ್ಪು ತೆಗೆದು, ಪೆಟ್ಟಿಗೆಯ ಶೀಶೆಯಿಂದ ಬಣ್ಣ ಬಳಿದು, ಊದಿ ಊದಿ ಒಣಗಿಸಿ, ಕಾಲರಿಗೆ ಸಿಕ್ಕಿಸಿಕೊಂಡು ಹಾರಿಸಿದರು. ನಿಯಮ ಪಾಲಿಸಿದ ತೃಪ್ತಿ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ಅಷ್ಟು ಎಚ್ಚರಿಕೆಯ ಮನುಷ್ಯನಲ್ಲದಿದ್ದರೆ ಎರಡನೆಯ ಕ್ಲಿಪ್ಪೇ ಹುಟ್ಟುತ್ತಿರಲಿಲ್ಲ.

ಮೊದಲನೆಯದು ಆ ಹೊತ್ತಿಗೆ ಮುನಿರಾಜು ಅವರ ಅಂಗಿಯ ಜೇಬಿನಲ್ಲಿ, ಒಗೆಯುವ ಬಟ್ಟೆಗಳ ರಾಶಿಯಲ್ಲಿತ್ತು. ಅವ್ವನ ಕೈಗೆ ಸಿಕ್ಕಿತು. ಅದು ಬಟ್ಟೆಯ ಕ್ಲಿಪ್ಪಲ್ಲ, ಆಟದ ಕ್ಲಿಪ್ಪು ಎಂದು ಅವ್ವನಿಗೆ ಗೊತ್ತಿತ್ತು. ಅದರ ಮುಂದಿನ ಭಾನುವಾರ ಬೆಳಿಗ್ಗೆ ಮಗನ ಕಾಲರಿಗೆ ತಾವೇ ಸಿಕ್ಕಿಸಿ, "ಇದ್ನ ಒತ್ಕೊಂಡ್ ಬಂದ್ಬುಟ್ಟಿದ್ದೀಯ, ಆ ಸಾರು ಪಾಪ ಕಾಯ್ತಾ ಕೂತಿರ್ತಾರೆ, ಓಗು" ಎಂದು ಕಳಿಸಿ, ಕುಡುಗೋಲು ಹಿಡಿದು ತಾವೂ ಬದುವಿಗೆ ಬಂದರು.

ಆ ಬೆಳಿಗ್ಗೆ ಆಕಾಶದಲ್ಲಿ ಎರಡು ಮೂರು ವಿಮಾನಗಳಿದ್ದವು. ನಮ್ಮವರದು ಸೂರ್ಯನ ಕಡೆಗಿತ್ತು. ಮುನಿರಾಜು ತಡವಾಗಿ ಬಂದವರು ಸ್ಕೂಟರು ನಿಲ್ಲಿಸಿ, ನನಗೆ ನಮಸ್ಕಾರ ಮಾಡಿ, "ಕ್ಲಿಪ್ಪು ನಮ್ಮನೇಲೇ ಇತ್ತು ಮೇಡಮ್, ನಮ್ಮವ್ವ ಎತ್ಕೊಟ್ಲು" ಎಂದು ನಕ್ಕರು. ಒಳ್ಳೆಯದಾಯಿತು ಎಂದೆ. ಸೀಟಿನ ಮೇಲೆ ವಿಮಾನ ಇಟ್ಟು ಬಾಲ ಆಡುತ್ತದೋ ನೋಡಲು ರಿಮೋಟು ಎತ್ತಿಕೊಂಡರು. ಇವರು ದೂರದಲ್ಲಿ ಬೆನ್ನು ತಿರುಗಿಸಿ ನಿಂತು ಏನನ್ನೋ ಹಾರಿಸುತ್ತಿದ್ದದ್ದು ಅವರಿಗೂ ಕಂಡಿತ್ತಂತೆ. ಕಾಲೇಜು ಹುಡುಗನ ವಿಮಾನವನ್ನು ಇವರು ಆಗಾಗ ಪರೀಕ್ಷೆ ಮಾಡಿಕೊಡುತ್ತಿದ್ದರಲ್ಲ, ಅದೇ ಇರಬೇಕು ಅಂದುಕೊಂಡರಂತೆ. ಕೆಂಪು ಕ್ಲಿಪ್ಪು ತನ್ನ ಕಾಲರಿನಲ್ಲಿದೆ ಎಂದ ಮೇಲೆ ಕೆಂಪು ಚಾನೆಲ್ಲಿನಲ್ಲಿ ಇನ್ಯಾರೂ ಇರಲು ಸಾಧ್ಯವಿಲ್ಲ. ಅಷ್ಟು ದಿನಗಳಲ್ಲಿ ಅವರೆಲ್ಲರಿಗೂ ಕಣ್ಣಿಗಿಂತ ಕ್ಲಿಪ್ಪನ್ನು ನಂಬುವುದು ಅಭ್ಯಾಸವಾಗಿಬಿಟ್ಟಿತ್ತು.

ಏರಿಯಲ್ ಎಳೆಯುವ ಸದ್ದು ಕೇಳಿಸಿತು. ನಾನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಕತ್ತು ತಿರುಗಿಸಿದೆ. ನಮ್ಮವರು ಗಾಳಿಗೆ ಸ್ವಲ್ಪ ಓರೆಯಾಗಿ ನಿಂತಿದ್ದರು. ಅವರ ಕಾಲರಿನಲ್ಲೂ ಒಂದು ಕೆಂಪು ಚುಕ್ಕೆ.

ಎರಡು ಕೆಂಪು. ಆ ಬಯಲಿನಲ್ಲಿ ಎರಡನ್ನೂ ಒಟ್ಟಿಗೆ ನೋಡಿದವಳು ನಾನೊಬ್ಬಳೇ. ಬಾಯಿ ತೆರೆದದ್ದು ನೆನಪಿದೆ. ದನಿ ಹೊರಟಿತೋ ಇಲ್ಲವೋ ಗೊತ್ತಿಲ್ಲ. ಹೊರಟಿದ್ದರೂ ತಡವಾಗಿತ್ತು. ಮೇಲೆ ಮೋಟಾರಿನ ಸದ್ದು ಒಮ್ಮೆ ಕತ್ತರಿಸಿದಂತೆ ನಿಂತು, ಮತ್ತೆ ಚೀರಿತು. ವಿಮಾನ ದೇವರು ಮೈಮೇಲೆ ಬಂದವರಂತೆ ನಡುಗಿ, ಮಗುಚಿ, ಬದುವಿನ ಕಡೆ ಮೂತಿ ತಿರುಗಿಸಿತು. "ಏಯ್, ಮಾತ್ ಕೇಳ್ತಿಲ್ಲ! ಹುಷಾರ್!" ಎಂದು ಇವರು ಕೂಗಿದರು. ಅವ್ವ ಬಗ್ಗಿ ಹುಲ್ಲು ಕೊಯ್ಯುತ್ತಿದ್ದರು. ಮುನಿರಾಜು "ಅವ್ವಾ!" ಎಂದು ಕಿರುಚಿದರು. ಮಗನ ದನಿ ಕೇಳಿ ಅವ್ವ ತಲೆ ಎತ್ತಿದರು.

ನಾನು ಇಷ್ಟು ವರ್ಷ ಮತ್ತೆ ಮತ್ತೆ ನೋಡುತ್ತಿರುವುದು ಅದನ್ನೇ. ಆ ತಲೆ ಎತ್ತುವುದು. ಕೂಗದಿದ್ದರೆ ಬೆನ್ನಿಗೆ ಬಡಿಯುತ್ತಿತ್ತು, ಫೋಮು ಮುರಿಯುತ್ತಿತ್ತು, ಅವ್ವ ನಾಲ್ಕು ಬೈಗುಳ ಬೈಯುತ್ತಿದ್ದರು. ಆದರೆ ತಾಯಿಯ ಮೇಲೆ ಏನೋ ಬೀಳುತ್ತಿರುವುದನ್ನು ನೋಡಿದ ಮಗ ಕೂಗದೆ ಹೇಗಿರುತ್ತಾನೆ?

ಫ್ಯಾನು ಹುಬ್ಬಿನ ಮೇಲೆ ಕೊಯ್ದಿತ್ತು. ಬಿಳಿ ಸೆರಗು ನೋಡುನೋಡುತ್ತಲೇ ಕೆಂಪಾಯಿತು. ಹೆಬ್ಬಾಳದ ಕಡೆಯ ಒಂದು ನರ್ಸಿಂಗ್ ಹೋಮಿಗೆ ನಮ್ಮ ಕಾರಿನಲ್ಲೇ ಕರೆದುಕೊಂಡು ಹೋದೆವು. ಅವ್ವನ ತಲೆ ನನ್ನ ತೊಡೆಯ ಮೇಲಿತ್ತು. ಗಾಯಕ್ಕೆ ಟವೆಲ್ಲು ಒತ್ತಿ ಹಿಡಿದಿದ್ದ ನನ್ನ ಮಣಿಕಟ್ಟನ್ನು ಅವರೇ ಹಿಡಿದುಕೊಂಡಿದ್ದರು. ಇನ್ನೊಂದು ಬೆರಳಿನಷ್ಟು ಕೆಳಗಾಗಿದ್ದರೆ ಕಣ್ಣೇ ಹೋಗುತ್ತಿತ್ತು ಎಂದರು ಡಾಕ್ಟರು. ಹೊಲಿಗೆ ಹಾಕಿಸಿಕೊಂಡು ಹೊರಬಂದ ಅವ್ವ ಮೊದಲು ಕೇಳಿದ್ದು, "ಆ ಅದ್ದಿಗೆ ಏನೂ ಆಗ್ಲಿಲ್ವಾ?" ಎಂದು. ಆಮೇಲೆ, "ಇರ್ಲಿ ಬುಡಿ. ನಮ್ ಸೊಸೆ ಒಂದಿನಾನೂ ನನ್ ಮಕ ನೆಟ್ಗೆ ನೋಡಿರ್ಲಿಲ್ಲ. ಇನ್ಮೇಲೆ ದಿನಾ ಔಸ್ದಿ ಅಚ್ಬೇಕಲ್ಲ."

ಯಾರಿಗೂ ನಗು ಬರಲಿಲ್ಲ. ಬೆಂಚಿನ ಮೇಲೆ ಇಬ್ಬರೂ ಅಕ್ಕಪಕ್ಕ ಕೂತಿದ್ದರು, ಕಾಲರಿನಲ್ಲಿ ಒಂದೊಂದು ಕ್ಲಿಪ್ಪು. ನಾನೇ ಎರಡನ್ನೂ ಬಿಡಿಸಿ ಟಿಫಿನ್ ಚೀಲಕ್ಕೆ ಹಾಕಿದೆ.

"ತಪ್ಪು ನಂದು. ಎರಡ್ನೇ ಕ್ಲಿಪ್ಪು ಮಾಡಿದ್ದು ನಾನು" ಎಂದರು ಇವರು.

"ನಿಮ್ದೇನಿದೆ ಸಾರ್. ಸ್ವಿಚ್ ಆಕಿದ್ದು ನಾನು. ಕೂಗಿದ್ದೂ ನಾನೇ."

"ಇಲ್ಲ, ವಿಮಾನ ನಂದು."

"ಇಲ್ಲ ಸಾರ್."

ಒಂದು ಕ್ಷಣ ನನಗೆ ಹಳೆಯ "ನೀವ್ ಮೊದ್ಲು" ಕೇಳಿಸಿದಂತಾಯಿತು. ಅದೇ ಉಪಚಾರ, ಅದೇ ಇಬ್ಬರು. ಆದರೆ ಈ ಸಲ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಜಗಳವಾಡಿದ್ದರೆ ಚೆನ್ನಾಗಿತ್ತು. ಜಗಳವಾಡಿದವರು ಎಂದಾದರೂ ರಾಜಿಯಾಗುತ್ತಾರೆ. ಇವರಿಬ್ಬರೂ ತಪ್ಪನ್ನು ತಮ್ಮದೆಂದು ಎಳೆದುಕೊಂಡು, ಇನ್ನೊಬ್ಬರು ತಮ್ಮನ್ನು ಕ್ಷಮಿಸಿರಲಾರರೆಂದು ತೀರ್ಮಾನಿಸಿ ಸುಮ್ಮನಾದರು. ಇವರು ಹಣ್ಣು ಹಿಡಿದುಕೊಂಡು ಅವ್ವನನ್ನು ನೋಡಲು ಹೋದಾಗ ಮುನಿರಾಜು ಅಂಗಡಿಯಲ್ಲಿದ್ದರು. ಅವರು ಮನೆಯಲ್ಲಿಲ್ಲದ ಹೊತ್ತನ್ನೇ ನೋಡಿ ಇವರು ಹೋದರೆಂದು ನನಗೆ ಗೊತ್ತಿತ್ತು. ಒಂದು ದಿನ ನಮ್ಮ ಬೀದಿಯ ತಿರುವಿನಲ್ಲಿ ಅವರ ಸ್ಕೂಟರು ನಿಂತದ್ದನ್ನು ಬಾಲ್ಕನಿಯಿಂದ ಕಂಡೆ. ಕಾಲು ಕೆಳಗೂರಿ ನಮ್ಮ ಗೇಟಿನ ಕಡೆಯೇ ನೋಡುತ್ತಿದ್ದರು. ನಾನು ಮೆಟ್ಟಿಲಿಳಿದು ಓಡುವಷ್ಟರಲ್ಲಿ ಬೀದಿ ಖಾಲಿಯಾಗಿತ್ತು. ಅವ್ವ ಮಾತ್ರ ಯಾರದೋ ಫೋನಿನಿಂದ ನನಗೆ ಮಾತಾಡುತ್ತಿದ್ದರು. "ಗಾಯ ಮಾದೋಯ್ತು ಕಣವ್ವ. ಇಬ್ರೂ ಇಂಗ್ ಮಕ ತಿರುಗ್ಸ್ಕೊಂಡ್ರೆ ಎಂಗೆ? ಕರ್ಕೊಂಡ್ ಬಾ, ಒಂದ್ ಮುದ್ದೆ ಉಂಡ್ಕೊಂಡೋಗಿ." ಮುಂದಿನ ವಾರ ಎಂದು ಇವರು ಪ್ರತಿ ಸಲವೂ ಹೇಳಿದರು.

ಇವರು ಮತ್ತೆ ಹಾರಿಸಲಿಲ್ಲ. ಕೆಲವೇ ವರ್ಷಗಳಲ್ಲಿ ಹೊಸ ರಿಮೋಟುಗಳು ಬಂದವು. ಅವು ತಮ್ಮ ವಿಮಾನವನ್ನು ತಾವೇ ಗುರುತು ಹಿಡಿಯುತ್ತವಂತೆ, ಎಷ್ಟು ಜನ ಬೇಕಾದರೂ ಒಟ್ಟಿಗೆ ಹಾರಿಸಬಹುದಂತೆ. ಕಾಲೇಜು ಹುಡುಗ ಫೋನ್ ಮಾಡಿ, "ಅಂಕಲ್, ಇನ್ಮೇಲೆ ಕ್ಲಿಪ್ಪೇ ಬೇಡ!" ಎಂದಾಗ ಇವರು "ಒಳ್ಳೇದಪ್ಪ" ಎಂದಷ್ಟೇ ಹೇಳಿದರು. ಬಯಲಿನ ತುಂಬ ಅಪಾರ್ಟ್‌ಮೆಂಟುಗಳೆದ್ದವು. ಹೊಂಗೆ ಮರ ಎಲ್ಲಿತ್ತೆಂದು ಈಗ ನಾನು ಕೂಡ ತೋರಿಸಲಾರೆ.

ಕಳೆದ ವರ್ಷ ಯಾವುದೋ ಮದುವೆಗೆಂದು ತಣಿಸಂದ್ರದ ಮೇಲೆ ಹೋಗುತ್ತಿದ್ದೆವು. ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸು. ಎರಡು ದೀಪ, ಹೂವಿನ ಹಾರ, ಭಾವಪೂರ್ಣ ಶ್ರದ್ಧಾಂಜಲಿ. ನಡುವೆ ಅವ್ವ. ಬಿಸಿಲು ಮಳೆಗೆ ಬಣ್ಣ ಆಗಲೇ ಮಾಸಿತ್ತು, ಅಂದರೆ ವಾರಗಳೇ ಕಳೆದಿದ್ದವು. ಕೆಳಗೆ ಮನೆಯವರ ಹೆಸರುಗಳಲ್ಲಿ ಮುನಿರಾಜು ಅವರದೂ ಇತ್ತು. ಫ್ಲೆಕ್ಸು ಮಾಡಿದವರು ಅವ್ವನ ಮುಖವನ್ನು ನುಣ್ಣಗೆ ತಿದ್ದಿದ್ದರು. ಹುಬ್ಬಿನ ಮೇಲೆ ಗಾಯದ ಗುರುತೇ ಇರಲಿಲ್ಲ. ಏನೂ ಆಗಿಯೇ ಇಲ್ಲ ಎನ್ನುವಂತೆ ಅವ್ವ ನಮ್ಮ ಕಡೆ ನೋಡುತ್ತಿದ್ದರು. ಇವರು ಕಾರು ನಿಲ್ಲಿಸಿದರು. ಹಿಂದಿನವರು ಹಾರ್ನ್ ಹೊಡೆದರು. ಇವರು ಗೇರ್ ಹಾಕಿದರು.

ಆಗಲಾದರೂ ಹೋಗಬಹುದಿತ್ತು. ಏನೆಂದು ಹೇಳಿಕೊಂಡು ಹೋಗುವುದು ಎಂದು ಇವರು. ಇಷ್ಟು ತಡವಾಗಿ ಎಂದು ನಾನು. "ಇರ್ಲಿ ಬುಡಿ" ಎನ್ನಬಲ್ಲ ಒಬ್ಬರೇ ಒಬ್ಬರು ಇನ್ನಿರಲಿಲ್ಲ.

ಈ ಬೆಳಿಗ್ಗೆ ಮಹಡಿಯ ಮೇಲೆ ನಿಂತು ಕ್ಲಿಪ್ಪನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿದೆ. ಸ್ಪ್ರಿಂಗು ಇನ್ನೂ ಗಟ್ಟಿಯಾಗಿದೆ. ಎರಡರಲ್ಲಿ ಇದು ಯಾವುದು? ಮುನಿರಾಜು ಜೇಬಿಗೆ ಹಾಕಿಕೊಂಡು ಹೋದದ್ದೋ, ಇವರು ಬಣ್ಣ ಬಳಿದದ್ದೋ? ತಿರುಗಿಸಿ ತಿರುಗಿಸಿ ನೋಡಿದರೂ ಹೇಳಲಾಗಲಿಲ್ಲ. ಬುಟ್ಟಿಯಲ್ಲಿ ಇನ್ನೊಂದಕ್ಕಾಗಿ ಹುಡುಕಿದೆ. ಇರಲಿಲ್ಲ. ಅಂಗಿಯನ್ನು ಹಾಗೇ ತಂತಿಯ ಮೇಲೆ ಎಸೆದು ಕೆಳಗಿಳಿದೆ.

ಇವರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ನಾನು ಹಿಂದಿನಿಂದ ಹೋಗಿ ಅವರ ಕಾಲರಿಗೆ ಕ್ಲಿಪ್ಪು ಸಿಕ್ಕಿಸಿದೆ. ಕೈ ಹಾಕಿ ಮುಟ್ಟಿದರು. ತೆಗೆಯಲಿಲ್ಲ. ಕಣ್ಣಿನಿಂದ ನೋಡಬೇಕಾಗಿಯೂ ಇರಲಿಲ್ಲ. ಪೇಪರನ್ನು ನಾಲ್ಕಾಗಿ ಮಡಚಿ ಪಕ್ಕಕ್ಕಿಟ್ಟರು.

"ಅವ್ರೇ ಮಾಡ್ಬಹುದಿತ್ತಲ್ಲ ಫೋನು" ಎಂದರು.

"ಹೇಗ್ ಮಾಡ್ತಾರ್ರೀ? ಕ್ಲಿಪ್ಪು ನಿಮ್ಮತ್ರ ಇದೆ."

ಕನ್ನಡಕ ತೆಗೆದು ಒರೆಸಿಕೊಂಡರು. "ನಂಬರು ಅದೇ ಇರತ್ತಾ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಫೋನು ಹಿಡಿದು ಒಳಗಿನ ಕೋಣೆಗೆ ಹೋದರು. ನಾನು ಬಾಗಿಲ ಹೊರಗೆ ಗೋಡೆಗೊರಗಿ ನಿಂತೆ. ಕದ್ದು ಕೇಳಬಾರದೆಂದು ಮಕ್ಕಳಿಗೆ ಹೇಳಿಕೊಟ್ಟವಳು ಉಸಿರು ಬಿಗಿಹಿಡಿದು ಕೇಳಿದೆ. ರಿಂಗು ಹೋಗುತ್ತಿರುವುದು ಸಣ್ಣಗೆ ಕೇಳಿಸುತ್ತಿತ್ತು. ಅದು ನಿಂತಿತು.

"ಹಲೋ... ಮುನಿರಾಜು ಅವ್ರೇ, ನಾನು..."

ಆ ಕಡೆಯಿಂದ ಅವರೂ ಅದೇ ಹೊತ್ತಿಗೆ ಏನೋ ಹೇಳಲು ಹೊರಟಿರಬೇಕು. ಎರಡು ದನಿ ಒಂದರ ಮೇಲೊಂದು ಬಿದ್ದು, ಎರಡೂ ಒಟ್ಟಿಗೆ ನಿಂತುಹೋದವು.

"ಇಲ್ಲ ಇಲ್ಲ," ಎಂದರು ಇವರು. "ನೀವ್ ಮೊದ್ಲು ಹೇಳಿ."